ಅರಗಿನ ಮುದ್ರೆ, ಹ್ಯಾಶ್ ನಂಬರ್: ಪೊಲೀಸರು ಸೈಬರ್ ತನಿಖೆ ಕಲಿಯುವುದು ಹೇಗೆ?

2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಬಂಧಿಸಿ ಕರೆದೊಯ್ದರು. ಆಗ ಎಲ್ಲರೂ ಬಳಸುತ್ತಿದ್ದ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ್ದಾನೆ ಎಂಬುದು ಆರೋಪ. ಆ ಹುಡುಗ 50 ದಿನ ಜೈಲಿನಲ್ಲಿ ಕಳೆದ. ಆಮೇಲೆ ಗೊತ್ತಾಯಿತು, ಅವನು ಏನೂ ಮಾಡಿರಲಿಲ್ಲ.

ಎಡವಿದ್ದು ಎಲ್ಲಿ? ಪೊಲೀಸರ ಕೈಗೆ ಸಿಕ್ಕಿದ್ದು ಒಂದು ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್ ಬಳಸುವಾಗ ಆ ಸಂಪರ್ಕಕ್ಕೆ ಸಿಗುವ ನಂಬರ್. ಅದನ್ನು ಬಳಸಿದವರು ಯಾರು ಎಂದು ಇಂಟರ್ನೆಟ್ ಕಂಪನಿಯನ್ನು ಕೇಳಿದರು. ಕಂಪನಿ ಒಂದು ಹೆಸರು, ವಿಳಾಸ ಕೊಟ್ಟಿತು. ಕೊಟ್ಟ ಹೆಸರೇ ತಪ್ಪು. ಕೇಳಿದ ಸಮಯ ಹಗಲಿನದೋ ರಾತ್ರಿಯದೋ ಎಂಬುದು ಪತ್ರದಲ್ಲಿ ಸ್ಪಷ್ಟವಿರಲಿಲ್ಲ ಎಂದೂ ಆಗ ವರದಿಗಳು ಬಂದವು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಯಾವ ಹ್ಯಾಕರ್‌ನ ಚಾಣಾಕ್ಷತನವೂ ಇದರಲ್ಲಿ ಇರಲಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ, ಎರಡನ್ನೂ ಯಾರೂ ಮತ್ತೊಮ್ಮೆ ತಾಳೆ ನೋಡಲಿಲ್ಲ, ಅಷ್ಟೆ.

ಪೊಲೀಸರಿಗೆ ಸೈಬರ್ ತರಬೇತಿ ಎಂದಾಗ ನನಗೆ ಮೊದಲು ನೆನಪಾಗುವುದು ಈ ಕೇಸು. ತರಬೇತಿ ಎಂದರೆ ಕತ್ತಲೆ ಕೋಣೆ, ಹಸಿರು ಅಕ್ಷರ ಓಡುವ ಸ್ಕ್ರೀನು, ಟಕಟಕ ಟೈಪ್ ಮಾಡುವ ಇನ್‌ಸ್ಪೆಕ್ಟರ್ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದರ ಬಹುಪಾಲು ಸರಿಯಾಗಿ ಪತ್ರ ಬರೆಯುವುದು, ಸರಿಯಾಗಿ ಮಹಜರು ಮಾಡುವುದು, ಮುಟ್ಟಬಾರದ್ದನ್ನು ಮುಟ್ಟದೆ ಇರುವುದು. ನಮ್ಮ ಪೊಲೀಸರಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಗೊತ್ತಿರುವ ಕೆಲಸವೇ ಇದು. ಸಾಮಾನು ಮಾತ್ರ ಹೊಸದು.

ಲಾಡ್ಜಿನ ರೂಮ್ ನಂಬರ್

ಐಪಿ ಅಡ್ರೆಸ್ ಎಂದರೆ ಮನೆ ನಂಬರ್ ಇದ್ದ ಹಾಗೆ ಎಂದು ಬಹಳ ಜನ ವಿವರಿಸುತ್ತಾರೆ. ಈ ಹೋಲಿಕೆಯೇ ತನಿಖೆಯನ್ನು ದಾರಿ ತಪ್ಪಿಸುತ್ತದೆ. ಅದು ಮನೆ ನಂಬರ್ ಅಲ್ಲ, ಲಾಡ್ಜಿನ ರೂಮ್ ನಂಬರ್. ‘204ರಲ್ಲಿ ಯಾರಿದ್ದರು?’ ಎಂದು ಕೇಳಿದರೆ ಮ್ಯಾನೇಜರ್ ತಿರುಗಿ ಕೇಳುವುದು ‘ಯಾವತ್ತು ಸಾರ್? ಎಷ್ಟು ಹೊತ್ತಿಗೆ?’ ಎಂದು. ಬೆಳಗ್ಗೆ ಒಬ್ಬರು ಖಾಲಿ ಮಾಡಿರುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಬಂದಿರುತ್ತಾರೆ. ದಿನಾಂಕ, ಗಂಟೆ ಹೇಳದೆ ರೂಮ್ ನಂಬರ್ ಮಾತ್ರ ಹೇಳಿದರೆ ಸಿಗುವ ಹೆಸರಿಗೆ ಬೆಲೆಯಿಲ್ಲ.

ಈಗ ಪರಿಸ್ಥಿತಿ ಇನ್ನೂ ಕಷ್ಟ. ಹಳೆಯ ಮಾದರಿಯ ಐಪಿ ಅಡ್ರೆಸ್‌ಗಳು ಜಗತ್ತಿಗೆಲ್ಲ ಸೇರಿ ಇರುವುದೇ ಸುಮಾರು 429 ಕೋಟಿ. ಜನರ ಕೈಯಲ್ಲಿರುವ ಫೋನುಗಳಿಗೇ ಅವು ಸಾಲುವುದಿಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಅಡ್ರೆಸ್ಸನ್ನು ಒಂದೇ ಹೊತ್ತಿನಲ್ಲಿ ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ರೂಮು ಹೋಗಿ ಡಾರ್ಮಿಟರಿ ಆಯಿತು ಎನ್ನಿ. ಡಾರ್ಮಿಟರಿಯಲ್ಲಿ ಮಲಗಿದ್ದವರು ಯಾರು ಎಂದು ತಿಳಿಯಲು ಮಂಚದ ನಂಬರೂ ಬೇಕು. ಇಂಟರ್ನೆಟ್ಟಿನಲ್ಲಿ ಆ ಮಂಚದ ನಂಬರಿಗೆ ಪೋರ್ಟ್ ನಂಬರ್ ಎನ್ನುತ್ತಾರೆ. ಅದು ಇಲ್ಲದೆ ಪತ್ರ ಬರೆದರೆ ಕಂಪನಿಯಿಂದ ನೂರಾರು ಹೆಸರುಗಳ ಪಟ್ಟಿ ಬರಬಹುದು. ಪಟ್ಟಿಯಲ್ಲಿ ಇರುವವರೆಲ್ಲ ಕಳ್ಳರಲ್ಲ, ಅಲ್ವಾ?

ಗಡಿಯಾರದ್ದೂ ಒಂದು ಗೊಂದಲ ಇದೆ. ಹೊರದೇಶದ ದೊಡ್ಡ ಕಂಪನಿಗಳು ತಮ್ಮ ದಾಖಲೆಗಳಲ್ಲಿ ಸಾಮಾನ್ಯವಾಗಿ ಬರೆಯುವುದು ಯುಟಿಸಿ ಸಮಯ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾಖಲೆಯಲ್ಲಿ ‘14ನೇ ತಾರೀಖು, 19:45’ ಎಂದಿದ್ದರೆ ನಮ್ಮಲ್ಲಿ ಆಗ 15ನೇ ತಾರೀಖಿನ ನಡುರಾತ್ರಿ ಒಂದೂಕಾಲು. ಗಂಟೆಯ ಜೊತೆಗೆ ತಾರೀಖೂ ಬದಲಾಗಿದೆ. ಇದನ್ನು ಗಮನಿಸದೆ 14ನೇ ತಾರೀಖು ಸಂಜೆ ಏಳೂಮುಕ್ಕಾಲಕ್ಕೆ ಆ ಅಡ್ರೆಸ್ ಯಾರದ್ದಾಗಿತ್ತು ಎಂದು ಕೇಳಿದರೆ, ಕಂಪನಿ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತದೆ. ಪೊಲೀಸರು ತಪ್ಪು ಮನೆಯ ಬಾಗಿಲು ತಟ್ಟುತ್ತಾರೆ.

ಇದನ್ನು ಕಲಿಸಲು ದೊಡ್ಡ ಲ್ಯಾಬ್ ಬೇಡ. ಕರಿಹಲಗೆ ಸಾಕು. ಆದರೆ ಹೇಳಿ ಬಿಟ್ಟರೆ ಆಗುವುದಿಲ್ಲ, ಹತ್ತು ಸಲ ಮಾಡಿಸಬೇಕು. ತನಿಖಾಧಿಕಾರಿಯ ಪತ್ರದಲ್ಲಿ ಐಪಿ, ಪೋರ್ಟ್, ದಿನಾಂಕ, ಗಂಟೆ, ನಿಮಿಷ, ಸೆಕೆಂಡು, ಅದು ಯಾವ ದೇಶದ ಸಮಯ ಎಂಬ ಏಳೂ ತನ್ನಷ್ಟಕ್ಕೇ ಬರುವ ಹಾಗೆ ಕೈ ಪಳಗಬೇಕು.

ಬೇಗ ಬರೆಯುವುದನ್ನೂ ಕಲಿಸಬೇಕು. ಈ ದಾಖಲೆಗಳು ಶಾಶ್ವತವಲ್ಲ. ಫೋನ್ ಕರೆಗಳ ವಿವರವನ್ನು, ಅಂದರೆ ಠಾಣೆಯ ಭಾಷೆಯಲ್ಲಿ ಸಿಡಿಆರ್ ಎನ್ನುವುದನ್ನು, ಟೆಲಿಕಾಂ ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕೆಂಬ ನಿಯಮ 2021ರ ಡಿಸೆಂಬರ್‌ನಲ್ಲಿ ಬಂತು. ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಏನೇನು ನಡೆಯಿತು ಎಂದು ತಾನಾಗಿ ದಾಖಲಾಗುವ ಲಾಗ್‌ಗಳನ್ನು 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿತು. ಅಮೆರಿಕದ ಕಂಪನಿಯ ಬಳಿ ಇರುವ ಮಾಹಿತಿಯಾದರೆ ‘ಅಳಿಸಬೇಡಿ, ಹಾಗೇ ಇಟ್ಟಿರಿ’ ಎಂದು ಮೊದಲೇ ಒಂದು ಕೋರಿಕೆ ಕಳಿಸಬಹುದು. ಅಲ್ಲಿನ ಕಾನೂನಿನಲ್ಲಿ ಹಾಗೆ ಇಡುವ ಅವಧಿ 90 ದಿನ, ಮತ್ತೆ ಕೇಳಿದರೆ ಇನ್ನೂ 90 ದಿನ. ಈ ಪುಟ್ಟ ಸೌಲಭ್ಯ ಗೊತ್ತಿಲ್ಲದೆ, ಮೇಲಧಿಕಾರಿಯ ಸಹಿಗೆ ಕಾಯುತ್ತ ಕೂತರೆ ಸಹಿ ಬರುವ ಹೊತ್ತಿಗೆ ಸಾಕ್ಷ್ಯ ಹೋಗಿರುತ್ತದೆ.

ಬಿಳಿ ಬಟ್ಟೆ, ಅರಗು, ಹ್ಯಾಶ್

ಕೊಲೆ ಕೇಸಿನಲ್ಲಿ ಮಚ್ಚು ಸಿಕ್ಕಿತು ಎಂದುಕೊಳ್ಳಿ. ಪೊಲೀಸರು ಇಬ್ಬರು ಪಂಚರನ್ನು ಕರೆಯುತ್ತಾರೆ. ಅವರ ಸಮಕ್ಷಮದಲ್ಲಿ ಮಚ್ಚಿನ ಉದ್ದ, ಅಗಲ, ಹಿಡಿಯ ಬಣ್ಣ ಬರೆಯುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಹಾಕಿ ಮುದ್ರೆ ಒತ್ತುತ್ತಾರೆ. ಕೋರ್ಟಿನಲ್ಲಿ ಆ ಅರಗು ಒಡೆಯದೆ ಇದ್ದರೆ ಒಳಗಿರುವುದು ಅದೇ ಮಚ್ಚು ಎಂದು ಎಲ್ಲರೂ ಒಪ್ಪುತ್ತಾರೆ.

ಪೆನ್‌ಡ್ರೈವ್‌ಗೆ ಈ ಕ್ರಮ ಸಾಲುವುದಿಲ್ಲ. ಹೊರಗಿನ ಪ್ಲಾಸ್ಟಿಕ್ಕಿಗೆ ಅರಗು ಹಾಕಬಹುದು, ಒಳಗಿನ ಫೈಲಿಗೆ ಹಾಕುವುದು ಹೇಗೆ? ಇಲ್ಲಿ ಬರುತ್ತದೆ ಹ್ಯಾಶ್. ಒಂದು ಫೈಲನ್ನೋ ಇಡೀ ಹಾರ್ಡ್ ಡಿಸ್ಕನ್ನೋ ಒಂದು ಗಣಿತದ ಯಂತ್ರಕ್ಕೆ ಹಾಕಿದರೆ ಅದು ಒಂದು ಉದ್ದನೆಯ ಗುರುತು ಕೊಡುತ್ತದೆ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಆ ಗುರುತಿಗೆ 64 ಅಕ್ಷರ. ಸಾವಿರ ಪುಟದ ಕಡತದಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾಯಿಸಿ ನೋಡಿ, ಇಡೀ ಗುರುತೇ ಬೇರೆಯಾಗಿ ಬರುತ್ತದೆ. ಅಂದರೆ ಜಪ್ತಿ ಮಾಡಿದ ದಿನದ ಗುರುತು ಮತ್ತು ಕೋರ್ಟಿನಲ್ಲಿ ತೆಗೆದ ದಿನದ ಗುರುತು ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ. ಹ್ಯಾಶ್ ಎಂದರೆ ಈ ಕಾಲದ ಅರಗಿನ ಮುದ್ರೆ. ಹಳೆಯ ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಗಣಿತದ ಸೂತ್ರ ಹೇಳಿದರೆ ಆಕಳಿಸುತ್ತಾರೆ, ಅರಗು ಎಂದರೆ ತಕ್ಷಣ ತಲೆಯಾಡಿಸುತ್ತಾರೆ. ಕನ್ನಡದಲ್ಲಿ ಕಲಿಸಬೇಕು ಎನ್ನುವುದು ಇದಕ್ಕೇ.

ಈ ಮುದ್ರೆ ಒತ್ತುವ ಮೊದಲೇ ಸಾಕ್ಷ್ಯ ಹಾಳಾಗುವುದೂ ಉಂಟು. ಆರೋಪಿಯ ಫೋನು ಕೈಗೆ ಬಂದ ಕೂಡಲೇ ಗ್ಯಾಲರಿ ತೆರೆದು ನೋಡುವ ಚಪಲ ಯಾರಿಗಿಲ್ಲ? ಆದರೆ ಹಾಗೆ ತೆರೆದಾಗ ಫೋನಿನ ಒಳಗೆ ಏನೇನೋ ಬದಲಾಗುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತಿಗೆ ತೆರೆಯಿತು ಎಂದು ಫೋನು ತನ್ನ ಪಾಡಿಗೆ ಬರೆದಿಟ್ಟುಕೊಳ್ಳುತ್ತದೆ. ಆರು ತಿಂಗಳ ಮೇಲೆ ಆರೋಪಿಯ ವಕೀಲರು ಪಾಟೀಸವಾಲಿನಲ್ಲಿ ಕೇಳುತ್ತಾರೆ: ‘ನನ್ನ ಕಕ್ಷಿದಾರರು ನಾಲ್ಕು ಗಂಟೆಯಿಂದ ನಿಮ್ಮ ವಶದಲ್ಲಿದ್ದರು. ಐದೂವರೆಗೆ ಈ ಫೋನಿನಲ್ಲಿ ವಾಟ್ಸಾಪ್ ತೆರೆದವರು ಯಾರು?’ ಉತ್ತರ ಇರುವುದಿಲ್ಲ.

ಹಾಗಾಗಿ ತರಬೇತಿಯಲ್ಲಿ ಮೊದಲು ಕಲಿಸುವುದು ಕೈ ಕಟ್ಟಿಕೊಂಡಿರುವುದನ್ನು. ಕಂಪ್ಯೂಟರ್ ಆಫ್ ಆಗಿದ್ದರೆ ಆನ್ ಮಾಡಬೇಡ. ಆನ್ ಆಗಿದ್ದರೆ ದಿಢೀರನೆ ಆಫ್ ಮಾಡಬೇಡ, ಮೊದಲು ಸ್ಕ್ರೀನಿನ ಫೋಟೊ ತೆಗೆ. ಯಾಕೆಂದರೆ ಆನ್ ಇರುವ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮ್‌ನಲ್ಲಿ ಪಾಸ್‌ವರ್ಡ್, ತೆರೆದಿಟ್ಟ ಸಂಪರ್ಕಗಳು, ಬೀಗ ಹಾಕಿದ ಡಿಸ್ಕಿನ ಕೀಲಿಯೂ ಇರಬಹುದು. ಕರೆಂಟು ಹೋದರೆ ಅದೆಲ್ಲ ಮಾಯ. ಫೋನಾದರೆ ನೆಟ್‌ವರ್ಕ್ ತಪ್ಪಿಸಬೇಕು, ಇಲ್ಲವಾದರೆ ಆರೋಪಿಯ ಗೆಳೆಯ ಎಲ್ಲೋ ಕೂತು ಅದರೊಳಗಿನದನ್ನೆಲ್ಲ ಅಳಿಸಿಬಿಡುತ್ತಾನೆ. ಅದಕ್ಕೆಂದೇ ಫ್ಯಾರಡೆ ಬ್ಯಾಗ್ ಎಂಬ ಚೀಲ ಇದೆ. ಒಳಗೆ ಲೋಹದ ಪದರ ಇರುವುದರಿಂದ ಸಿಗ್ನಲ್ ಒಳಗೂ ಹೋಗದು, ಹೊರಗೂ ಬಾರದು. ಫೋನಿನ ಜೊತೆಗೆ ಚಾರ್ಜರ್ ತರುವುದನ್ನು ಮರೆತರೆ ಲ್ಯಾಬ್ ತಲುಪುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ಚಿಕ್ಕ ವಿಷಯ, ಆದರೆ ಕೇಸು ಕೆಡುವುದು ಇಂಥದ್ದರಿಂದಲೇ.

ಮೂಲ ಡಿಸ್ಕನ್ನು ನೇರವಾಗಿ ತೆರೆದು ಯಾರೂ ಹುಡುಕಾಡುವುದಿಲ್ಲ, ಹುಡುಕಬಾರದು. ರೈಟ್ ಬ್ಲಾಕರ್ ಎಂಬ ಪುಟ್ಟ ಪೆಟ್ಟಿಗೆಯನ್ನು ನಡುವೆ ಇಟ್ಟು ಪೂರ್ತಿ ನಕಲು ತೆಗೆಯುತ್ತಾರೆ. ಆ ಪೆಟ್ಟಿಗೆ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ನಕಲಿನ ಹ್ಯಾಶ್ ಮೂಲದ ಹ್ಯಾಶ್‌ಗೆ ಹೊಂದಿದ ಮೇಲೆ ಮೂಲ ಭದ್ರವಾಗಿ ಒಳಗೆ ಹೋಗುತ್ತದೆ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ಈ ವಿಷಯದಲ್ಲಿ ನಮ್ಮ ಹೈಕೋರ್ಟಿನ ಒಂದು ತೀರ್ಪು ಓದಲು ಯೋಗ್ಯ. 2021ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ಆ ತೀರ್ಪಿನಲ್ಲಿ ಕಂಪ್ಯೂಟರ್, ಫೋನು ಜಪ್ತಿ ಮಾಡುವ ಕ್ರಮವನ್ನು ಹಂತ ಹಂತವಾಗಿ ಹೇಳಿದ್ದಾರೆ. ಜಪ್ತಿಗೆ ಹೋಗುವಾಗ ಪರಿಣತರನ್ನು ಕರೆದೊಯ್ಯಿರಿ, ಫೋಟೊ ತೆಗೆಯಿರಿ, ಆಫ್ ಇರುವುದನ್ನು ಆನ್ ಮಾಡಬೇಡಿ, ಫೋನನ್ನು ಫ್ಯಾರಡೆ ಬ್ಯಾಗಿನಲ್ಲಿ ಹಾಕಿ ಎಂದು. ಹೈಕೋರ್ಟ್ ಇಷ್ಟು ಸಣ್ಣ ಸಣ್ಣ ವಿವರಗಳಿಗೆ ಇಳಿಯಬೇಕಾಯಿತು ಎಂದರೆ ಅದುವರೆಗೆ ಪೊಲೀಸರ ಕೈಪಿಡಿಗಳಲ್ಲಿ ಏನು ಕೊರತೆಯಿತ್ತು ಎಂದು ಊಹಿಸಬಹುದು.

ಒಂದು ಸರ್ಟಿಫಿಕೇಟಿನ ಕಥೆ

ಸಾಕ್ಷ್ಯವನ್ನು ಸರಿಯಾಗಿ ತಂದರೂ ಕೋರ್ಟು ಅದನ್ನು ಸುಮ್ನೆ ಒಪ್ಪುವುದಿಲ್ಲ. ಕಂಪ್ಯೂಟರಿನಿಂದ ತೆಗೆದ ಪ್ರಿಂಟೌಟ್, ಸಿಡಿ, ಪೆನ್‌ಡ್ರೈವ್ ಎಲ್ಲದರ ಜೊತೆಗೂ ‘ಇದು ಇಂಥ ಯಂತ್ರದಿಂದ, ಇಂಥ ರೀತಿಯಲ್ಲಿ ತೆಗೆದ ಪ್ರತಿ’ ಎಂಬ ಸರ್ಟಿಫಿಕೇಟ್ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಎಂದರೆ ಇದೇ. ಅದು ಕಡ್ಡಾಯವೋ ಅಲ್ಲವೋ ಎಂದು ಸುಪ್ರೀಂ ಕೋರ್ಟಿನ ಪೀಠಗಳೇ ಆ ಕಡೆ ಈ ಕಡೆ ವಾಲಿದವು. 2014ರಲ್ಲಿ ಬೇಕೇಬೇಕು ಎಂದಿತು. 2018ರಲ್ಲಿ ಸ್ವಲ್ಪ ಸಡಿಲಿಸಿತು. 2020ರ ಜುಲೈ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಕಡ್ಡಾಯ ಮಾಡಿತು. ಈ ಹಗ್ಗಜಗ್ಗಾಟದ ನಡುವೆ ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್‌ನ ಪಾಡು ಕೇಳಬೇಡಿ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದವು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಸರ್ಟಿಫಿಕೇಟಿಗೆ ಎರಡು ಭಾಗ, ಒಂದಕ್ಕೆ ಸಾಕ್ಷ್ಯ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ಕಾಯ್ದೆಯ ಜೊತೆಗಿರುವ ಆ ನಮೂನೆಯಲ್ಲೇ ಹ್ಯಾಶ್ ಬರೆಯಲು ಜಾಗ ಇದೆ, ಯಾವ ವಿಧಾನದ ಹ್ಯಾಶ್ ಎಂದು ಗುರುತು ಹಾಕಲು ಚೌಕ ಇದೆ. ಲ್ಯಾಬಿನವರು ಮಾತ್ರ ಆಡುತ್ತಿದ್ದ ಪದ ಈಗ ಕಾನೂನಿನ ನಮೂನೆಗೆ ಬಂದಿದೆ. ಜೊತೆಗೆ, ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ಕಳವಿನ ಕೇಸೇ ಇರಲಿ, ಹೊಡೆದಾಟದ್ದೇ ಇರಲಿ, ಜಪ್ತಿಯ ವಿಡಿಯೊ ಎಂದ ಮೇಲೆ ಅದೂ ಡಿಜಿಟಲ್ ಸಾಕ್ಷ್ಯ. ಸೈಬರ್ ಠಾಣೆಗೆ ಮಾತ್ರ ತರಬೇತಿ ಕೊಟ್ಟರೆ ಸಾಕು ಎಂಬ ಕಾಲ ಅಲ್ಲಿಗೆ ಮುಗಿಯಿತು.

ಬರವಣಿಗೆಯ ಇನ್ನೊಂದು ತೊಡಕು ನಮ್ಮ ಭಾಷೆಗೇ ಸೇರಿದ್ದು. ದೂರು, ಮಹಜರು ಎಲ್ಲ ಕನ್ನಡದಲ್ಲಿ. ಮೋಸದ ಲಿಂಕು ಇಂಗ್ಲಿಷ್ ಅಕ್ಷರದಲ್ಲಿ. ಬ್ಯಾಂಕಿನ ಹೆಸರಿನಂತೆಯೇ ಕಾಣುವ ಆ ಲಿಂಕಿನಲ್ಲಿ ‘ಓ’ ಅಕ್ಷರದ ಬದಲು ಸೊನ್ನೆ ಇರುತ್ತದೆ, ‘ಎಲ್’ ಬದಲು ಒಂದು ಎಂಬ ಅಂಕಿ ಇರುತ್ತದೆ. ಠಾಣೆಯ ರೈಟರ್ ಅದನ್ನು ಕನ್ನಡದಲ್ಲಿ ಉಚ್ಚಾರದಂತೆ ಬರೆದರೆ ಅಪರಾಧವೇ ಅಳಿಸಿಹೋಯಿತು! ದೂರಿನಲ್ಲಿ ಉಳಿಯುವುದು ಅಸಲಿ ಬ್ಯಾಂಕಿನ ಹೆಸರು ಮಾತ್ರ. ನಮ್ಮ ಸೋದರಮಾವ ಒಮ್ಮೆ ಹೀಗೆ ಮೋಸ ಹೋದಾಗ ಠಾಣೆಯೊಂದರಲ್ಲಿ ‘ಮೆಸೇಜಿನ ಜೆರಾಕ್ಸ್ ತನ್ನಿ’ ಎಂದರು. ಮಾವ ಪಾಪ, ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿಸಿ ಕೊಟ್ಟು ಬಂದರು, ಮೆಸೇಜನ್ನು ಫೋನಿನಿಂದ ಅಳಿಸಿಯೂ ಬಿಟ್ಟರು. ಪ್ರಿಂಟಿನಲ್ಲಿ ಲಿಂಕು ಅರ್ಧಕ್ಕೇ ಕತ್ತರಿಸಿತ್ತು.

ಯಾರಿಗೆ, ಎಲ್ಲಿ ಕಲಿಸುತ್ತಾರೆ?

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17ಕ್ಕೆ. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಕ್ರೈಂ ಪೊಲೀಸ್ ಠಾಣೆ ಶುರುವಾಯಿತು. ದೇಶಕ್ಕೇ ಮೊದಲನೆಯದು ಎಂದು ಹೆಸರಾದ ಆ ಠಾಣೆಯ ವ್ಯಾಪ್ತಿ ಇಡೀ ಕರ್ನಾಟಕ. ಬೀದರ್‌ನವರಿಗೆ ಇ-ಮೇಲ್‌ನಲ್ಲಿ ಬೆದರಿಕೆ ಬಂದರೂ ಬೆಂಗಳೂರಿಗೇ ಬರಬೇಕಿತ್ತು. ಆಗಿನ ಕಾಯ್ದೆಯ 78ನೇ ಕಲಮಿನ ಪ್ರಕಾರ ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿರುವಂತಿಲ್ಲ. 2009ರಲ್ಲಿ ತಿದ್ದುಪಡಿ ಜಾರಿಯಾದ ಮೇಲೆ ಅದು ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಯಿತು.

ಶುರುವಿನ ದಿನಗಳ ಅಪರಾಧಗಳೂ ಬೇರೆ ಥರ. 2004ರಲ್ಲಿ ಚೆನ್ನೈನ ಒಂದು ಕೇಸಿನಲ್ಲಿ ಮಹಿಳೆಯೊಬ್ಬರ ಬಗ್ಗೆ ಯಾಹೂ ಗುಂಪಿನಲ್ಲಿ ಅಶ್ಲೀಲ ಸಂದೇಶ ಹಾಕಿದವನಿಗೆ ಕೆಲವೇ ತಿಂಗಳಲ್ಲಿ ಶಿಕ್ಷೆಯಾಯಿತು. ಐಟಿ ಕಾಯ್ದೆಯಡಿ ದೇಶದ ಮೊದಲ ಶಿಕ್ಷೆಗಳಲ್ಲಿ ಅದೂ ಒಂದು. ಆಗ ಸೈಬರ್ ಕೆಫೆಯ ಮಾಲೀಕರು ಬಂದು ಸಾಕ್ಷಿ ಹೇಳಿದ್ದರು. ಈಗ ಹೇಳಲು ಕೆಫೆಯೂ ಇಲ್ಲ, ಮಾಲೀಕನೂ ಇಲ್ಲ. ಕಳ್ಳ ಒಂದು ದೇಶದಲ್ಲಿ, ಸಿಮ್ ಇನ್ನೊಂದು ರಾಜ್ಯದ್ದು, ಬ್ಯಾಂಕ್ ಖಾತೆ ಮತ್ತೊಬ್ಬನ ಹೆಸರಲ್ಲಿ.

ಕರ್ನಾಟಕದಲ್ಲಿ ಆಮೇಲೆ ಜಿಲ್ಲೆಗಳಿಗೂ ಸೆನ್ ಠಾಣೆಗಳು ಬಂದವು. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರಕ್ಕೂ ಸೇರಿ ಒಂದೇ ಠಾಣೆ. ಈ ಜೋಡಣೆ ನನಗೆ ಯಾವತ್ತೂ ಸರಿ ಕಂಡಿಲ್ಲ. ಬೆಳಗ್ಗೆ ಗಾಂಜಾ ಹಿಡಿಯಲು ತೋಟಕ್ಕೆ ಹೋದವರೇ ಸಂಜೆ ಬಂದು ಸರ್ವರ್ ಲಾಗ್ ಓದಬೇಕು ಎಂದರೆ ಹೇಗೆ? 2025ರಲ್ಲಿ ಸರ್ಕಾರ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವನ್ನು ಮಾಡಿತು.

ತರಬೇತಿಗೆಂದೇ ಇರುವ ಜಾಗ ಬೆಂಗಳೂರಿನ ಸಿಐಡಿ ಕೇಂದ್ರ ಕಚೇರಿಯಲ್ಲಿದೆ. ಸೈಬರ್ ಅಪರಾಧ ತನಿಖೆಯ ತರಬೇತಿ ಮತ್ತು ಸಂಶೋಧನಾ ಕೇಂದ್ರ, ಚಿಕ್ಕದಾಗಿ ಸಿಸಿಐಟಿಆರ್. 2019ರಲ್ಲಿ ಶುರುವಾಯಿತು. ಇನ್ಫೋಸಿಸ್ ಫೌಂಡೇಶನ್ 22 ಕೋಟಿ ರೂಪಾಯಿ ಕೊಟ್ಟಿತು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಕಟ್ಟಿದ ಡಿಎಸ್‌ಸಿಐ ಸಂಸ್ಥೆ ತಾಂತ್ರಿಕ ನೆರವಿಗೆ ನಿಂತಿತು. ಪೊಲೀಸರಷ್ಟೇ ಅಲ್ಲ, ಸರ್ಕಾರಿ ವಕೀಲರು, ನ್ಯಾಯಾಧೀಶರೂ ಇಲ್ಲಿ ಕಲಿಯುತ್ತಾರೆ. ಇದು ಜಾಣ ಯೋಚನೆ. ಇನ್‌ಸ್ಪೆಕ್ಟರ್ ಹ್ಯಾಶ್ ತೆಗೆದುಕೊಂಡು ಬಂದರೂ ಸರ್ಕಾರಿ ವಕೀಲರಿಗೆ ಅದನ್ನು ಕೋರ್ಟಿನ ಮುಂದೆ ಹೇಗೆ ಇಡಬೇಕೆಂದು ಗೊತ್ತಿಲ್ಲದಿದ್ದರೆ ಪಟ್ಟ ಶ್ರಮ ನೀರಲ್ಲಿ ಹೋಮ. ಇದಲ್ಲದೆ ಕೇಂದ್ರ ಸರ್ಕಾರದ ಸೈಟ್ರೇನ್ ಎಂಬ ಆನ್‌ಲೈನ್ ಪಾಠಶಾಲೆ ಇದೆ. ಐದು ವರ್ಷದಲ್ಲಿ 5,000 ಸೈಬರ್ ಕಮಾಂಡೊಗಳನ್ನು ತಯಾರು ಮಾಡುವ ಯೋಜನೆಯನ್ನು ಕೇಂದ್ರ ಗೃಹ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು.

ಕಮಾಂಡೊ ಎಂಬ ಪದ ಕೇಳಲು ಚೆಂದ. ಆದರೆ ಸೈಬರ್ ಮೋಸದಲ್ಲಿ ಮೊದಲ ಒಂದು ಗಂಟೆ ಎದುರಿಗೆ ಇರುವುದು ಕಮಾಂಡೊ ಅಲ್ಲ, ಠಾಣೆಯ ಮೇಜಿನ ಹಿಂದೆ ಕೂತ ಕಾನ್‌ಸ್ಟೇಬಲ್. ಹಣ ಹೋದವರು ಅಳುತ್ತಾ ಬರುತ್ತಾರೆ. ಅವರಿಗೆ ‘ನಾಳೆ ಸಾಹೇಬರು ಬರ್ತಾರೆ, ಬನ್ನಿ’ ಎಂದರೆ ಹಣ ಹೋದಂತೆಯೇ. ಸೈಬರ್ ಮೋಸದ ದೂರಿಗೆ ಈಗ 1930 ಎಂಬ ನಂಬರ್ ಇರುವ ಸಹಾಯವಾಣಿ ಮತ್ತು ಅದರ ಹಿಂದಿರುವ ವ್ಯವಸ್ಥೆ 2021ರಲ್ಲಿ ಬಂದಿದ್ದು ಇದಕ್ಕಾಗಿ. ದೂರು ದಾಖಲಾದ ಕೂಡಲೇ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿಂದ ಮುಂದಿನ ಬ್ಯಾಂಕಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಹಣ ಎಲ್ಲಿ ಉಳಿದಿದೆಯೋ ಅಲ್ಲಿ ತಡೆಹಿಡಿಯುತ್ತಾರೆ.

ಯಾಕೆ ಇಷ್ಟು ಅವಸರ? ಕಳ್ಳರು ಹಣವನ್ನು ಒಂದೇ ಖಾತೆಯಲ್ಲಿ ಬಿಡುವುದಿಲ್ಲ. ಐದು ಲಕ್ಷ ಬಂದರೆ ನಿಮಿಷಗಳಲ್ಲಿ ಅದನ್ನು ಹತ್ತು ಖಾತೆಗೆ ಒಡೆಯುತ್ತಾರೆ, ಆ ಹತ್ತರಿಂದ ಇನ್ನಷ್ಟು ಖಾತೆಗೆ. ಇವು ಹೆಚ್ಚಾಗಿ ಬಾಡಿಗೆ ಖಾತೆಗಳು, ಪೊಲೀಸರು ಮ್ಯೂಲ್ ಅಕೌಂಟ್ ಎನ್ನುತ್ತಾರೆ. ಕಾಲೇಜು ಹುಡುಗನೋ ಕೂಲಿಯವನೋ ಕೆಲವು ಸಾವಿರಕ್ಕೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ಟಿರುತ್ತಾನೆ. ಪೊಲೀಸರ ಕೈಗೆ ಮೊದಲು ಸಿಗುವವನೂ ಅವನೇ. ಅವನನ್ನು ಹಿಡಿದು ‘ಕೇಸು ಪತ್ತೆ’ ಎಂದು ಫೋಟೊ ತೆಗೆಸಿಕೊಳ್ಳುವುದು ಸುಲಭ. ಖಾತೆ ತೆರೆದಾಗ ಕೊಟ್ಟ ಮೊಬೈಲ್ ನಂಬರ್ ಯಾವುದು, ಆ ನಂಬರ್ ಹಾಕಿದ್ದ ಫೋನಿನ 15 ಅಂಕಿಯ ಗುರುತಿನ ನಂಬರ್ ಐಎಂಇಐ ಯಾವುದು, ಅದೇ ಫೋನಿನಲ್ಲಿ ಬೇರೆ ಯಾವ ಸಿಮ್‌ಗಳು ಓಡಿವೆ ಎಂದು ಹುಡುಕುತ್ತಾ ಹೋಗುವುದು ತಾಳ್ಮೆಯ ಕೆಲಸ. ಒಳ್ಳೆಯ ತರಬೇತಿಯಲ್ಲಿ ಜಾಸ್ತಿ ಸಮಯ ಹೋಗಬೇಕಾದ್ದು ಈ ಎಕ್ಸೆಲ್ ಶೀಟಿನ ಮುಂದೆ.

ಕ್ರಿಪ್ಟೊ ಎಂಬ ಡಿಜಿಟಲ್ ಹಣ ಬಂದರೆ ಜಪ್ತಿಯ ಅರ್ಥವೇ ಬದಲಾಗುತ್ತದೆ. ಬಿಟ್‌ಕಾಯಿನ್ ಲ್ಯಾಪ್‌ಟಾಪಿನ ಒಳಗೆ ಇರುವುದಿಲ್ಲ. ಅದನ್ನು ಖರ್ಚು ಮಾಡುವ ಗುಟ್ಟಿನ ಕೀಲಿ ಯಾರ ಹತ್ತಿರ ಇದೆಯೋ ನಾಣ್ಯ ಅವರದ್ದು. ಆ ಕೀಲಿಯನ್ನು ಮತ್ತೆ ಪಡೆಯಲು ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳ ಸಾಲು ಇರುತ್ತದೆ. ಜನ ಅದನ್ನು ಚೀಟಿಯಲ್ಲಿ ಬರೆದು ಡೈರಿಯಲ್ಲೋ ಬೀರುವಿನಲ್ಲೋ ಇಟ್ಟಿರುತ್ತಾರೆ. ಶೋಧಕ್ಕೆ ಹೋದವರು ಅರ್ಥವಿಲ್ಲದ ಪದಗಳ ಚೀಟಿ ಕಂಡರೆ ಕಸ ಎಂದು ಬಿಡಬಾರದು. ಲ್ಯಾಪ್‌ಟಾಪ್ ಠಾಣೆಯಲ್ಲಿ ಭದ್ರವಾಗಿದ್ದರೂ ಅದೇ ಪದಗಳನ್ನು ಬಲ್ಲ ಇನ್ನೊಬ್ಬ ಹೊರಗಿನಿಂದಲೇ ಹಣ ಸಾಗಿಸಬಹುದು. ಕೋರ್ಟಿನ ಒಪ್ಪಿಗೆ ಪಡೆದು, ಕೀಲಿ ಪೊಲೀಸರ ಕೈಯಲ್ಲೇ ಇರುವ ವ್ಯಾಲೆಟ್‌ಗೆ ವರ್ಗಾಯಿಸಿದಾಗಲೇ ಅದು ಜಪ್ತಿ. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿರುವುದಾಗಿ ಪ್ರಕಟಿಸಿದ್ದರು. ಆಮೇಲೆ ನೋಡಿದರೆ ಆ ನಾಣ್ಯಗಳು ಅವರ ಕೈಗೆ ಬಂದೇ ಇರಲಿಲ್ಲ. ಅದು ರಾಜಕೀಯ ಗದ್ದಲವಾಗಿ ಬೆಳೆದು, 2023ರಲ್ಲಿ ವಿಶೇಷ ತನಿಖಾ ತಂಡ ರಚಿಸುವವರೆಗೂ ಹೋಯಿತು.

ಬಿಡಬೇಕಾದ ಪಾಠ

ಕಲಿಯುವಷ್ಟೇ ಮುಖ್ಯ ಕಲಿತದ್ದನ್ನು ಬಿಡುವುದು. ಐಟಿ ಕಾಯ್ದೆಯ 66ಎ ಕಲಮು ನೆನಪಿದೆಯಾ? ಫೇಸ್‌ಬುಕ್‌ನಲ್ಲಿ ಯಾರಿಗೋ ಇಷ್ಟವಾಗದ ಮಾತು ಬರೆದರೆ ಬಂಧಿಸಬಹುದಾಗಿದ್ದ ಕಲಮು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಆದರೂ ದೇಶದ ಹಲವು ಠಾಣೆಗಳಲ್ಲಿ ಅದರ ಅಡಿಯಲ್ಲಿ ಎಫ್‌ಐಆರ್ ಹಾಕುವುದು ನಿಲ್ಲಲಿಲ್ಲ. ಆರು ವರ್ಷವಾದ ಮೇಲೆ, 2021ರ ಜುಲೈನಲ್ಲಿ, ವಿಷಯ ಮತ್ತೆ ಬಂದಾಗ ನ್ಯಾಯಮೂರ್ತಿಗಳೇ ಬೆರಗಾದರು. ಆಗ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು 66ಎ ಅಡಿ ಕೇಸು ಹಾಕಬೇಡಿ ಎಂದಿತು. ಇಲ್ಲದ ಕಾನೂನಿನಲ್ಲಿ ಜನರ ಮೇಲೆ ಕೇಸು! ತರಬೇತಿ ಎಂದರೆ ಹೊಸ ಸಾಫ್ಟ್‌ವೇರ್ ಎಂದಷ್ಟೇ ತಿಳಿದವರು ಈ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ನನ್ನ ಕೇಳಿದರೆ ಮೊದಲ ದಿನದ ಮೊದಲ ಪಾಠ ಇದೇ ಆಗಬೇಕು.

ಇನ್ನು ಲೆಕ್ಕ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಕೇಸು 12,556. ಮರುವರ್ಷ 21,889, ದೇಶದಲ್ಲೇ ಅತಿ ಹೆಚ್ಚು. ದೂರು ಕೊಡುವುದು ಸುಲಭವಾಗಿದ್ದೂ ಇದಕ್ಕೆ ಒಂದು ಕಾರಣ ಇರಬಹುದು. ಅದೇನೇ ಇರಲಿ, ಐಟಿ ಕಾಯ್ದೆ ಹಾಕಿದ ಕೇಸಿನ ತನಿಖೆ ಇವತ್ತಿಗೂ ಇನ್‌ಸ್ಪೆಕ್ಟರ್ ಹೆಗಲ ಮೇಲೆ. ಠಾಣೆಯಲ್ಲಿ ಪಿಎಸ್‌ಐಗಳು ಮೂರ್ನಾಲ್ಕು ಜನ ಇರಬಹುದು, ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಒಬ್ಬರೇ. ಕಂಪ್ಯೂಟರ್ ಸೈನ್ಸ್ ಓದಿ ಇಲಾಖೆಗೆ ಬಂದ ಎಳೆಯ ಪಿಎಸ್‌ಐ ಪಕ್ಕದಲ್ಲೇ ಕೂತು ಎಲ್ಲ ಕೆಲಸ ಮಾಡಿದರೂ ಕಡತದಲ್ಲಿ ಸಹಿ ಇನ್‌ಸ್ಪೆಕ್ಟರದ್ದೇ. ಕೋರ್ಟಿನಲ್ಲಿ ಪಾಟೀಸವಾಲು ಎದುರಿಸುವವರೂ ಅವರೇ.

ಆ ಇನ್‌ಸ್ಪೆಕ್ಟರ್ ಅಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬುದು ಬೇರೆ ಪ್ರಶ್ನೆ. ತಿಂಗಳುಗಟ್ಟಲೆ ತರಬೇತಿ ಪಡೆದು, ಎರಡು ವರ್ಷ ಕೇಸು ಮಾಡಿ, ಕೈ ಪಳಗಿತು ಎನ್ನುವಷ್ಟರಲ್ಲಿ ವರ್ಗ. ಈಗ ಟ್ರಾಫಿಕ್ ಠಾಣೆಯಲ್ಲೋ, ಜಾತ್ರೆಯ ಬಂದೋಬಸ್ತಿನಲ್ಲೋ ಇರುತ್ತಾರೆ. ಅವರ ಜಾಗಕ್ಕೆ ಬಂದವರು ಮತ್ತೆ ಮೊದಲಿನಿಂದ ಕಲಿಯಬೇಕು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಹಳೆಯ ಕೇಸಿನ ವರದಿ ಬಂದಾಗ ಅದನ್ನು ಬಿಡಿಸಿ ನೋಡುವುದು ಈ ಹೊಸಬರೇ. ಲಕೋಟೆಯ ಒಳಗೆ ನೂರಾರು ಪುಟ, ಜೊತೆಗೊಂದು ಹಾರ್ಡ್ ಡಿಸ್ಕು, ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 64 ಅಕ್ಷರಗಳ ಒಂದು ಸಾಲು. ಎರಡು ವರ್ಷದ ಹಿಂದಿನ ಮಹಜರು ತೆಗೆದು, ಅದರಲ್ಲಿ ಬರೆದ ಸಾಲನ್ನು ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ಬೆರಳಿಟ್ಟು ಓದಬೇಕು.